ಮೈಲೇಜೋ, ಎಳೆತವೋ? ಕಾರು ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ ಸುತ್ತ ಇವೆ. ಪೆಟ್ರೋಲ್ ಕಡಿಮೆ ಕುಡಿಯುವ ಕಾರು ಕೊಳ್ಳಬೇಕೋ, ಏರಿನಲ್ಲಿ ದಮ್ಮು ಕಟ್ಟದ ಕಾರು ಕೊಳ್ಳಬೇಕೋ? ಲೆಕ್ಕ ಹಾಕುವಾಗ ಪೆಟ್ರೋಲನ್ನು ಲೀಟರಿಗೆ ₹103, ಡೀಸೆಲನ್ನು ₹91 ಎಂದು ಹಿಡಿದಿದ್ದೇವೆ. ನಿಮ್ಮೂರಿನ ಬಂಕಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಪ್ರಶ್ನೆ: ಕೆಲಸ ಬೆಂಗಳೂರಿನಲ್ಲಿ, ಊರು ಪುತ್ತೂರು. ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮನೆಯ ಐದೂ ಜನ ಶಿರಾಡಿ ಘಾಟಿ ಮೇಲೆ ಹೋಗಿಬರುತ್ತೇವೆ. ವರ್ಷಕ್ಕೆ 9,000 ಕಿ.ಮೀ. ಆಗುತ್ತದೆ. ಮಾರುತಿ ಫ್ರಾಂಕ್ಸ್ ನೋಡಿದ್ದೇವೆ. 1.2 ಲೀಟರ್ ಎಂಜಿನ್ ಒಳ್ಳೆಯದೋ, 1.0 ಟರ್ಬೊ ಒಳ್ಳೆಯದೋ? ಟರ್ಬೊ ಪೆಟ್ರೋಲ್ ಕುಡಿಯುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ.
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಓಡಾಟಕ್ಕೆ ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ತುಂಬುವ ಎಂಜಿನ್, ಸರಿ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಘಾಟಿ ಹತ್ತುವ ಯಾರಿಗಾದರೂ ಈ ಲೆಕ್ಕ ಬೇಕಾಗುತ್ತದೆ.

ಶೋರೂಮಿನವರು ಕೊಡುವ ಕಾಗದದಲ್ಲಿ 1.2ಕ್ಕೆ 90 ಪಿಎಸ್, ಟರ್ಬೊಗೆ 100 ಪಿಎಸ್ ಎಂದಿರುತ್ತದೆ (ಪಿಎಸ್ ಎಂದರೆ ಎಂಜಿನ್ ಪವರಿನ ಅಳತೆ). ಮೈಲೇಜ್ ಮ್ಯಾನ್ಯುಯಲ್ ಗೇರಿನಲ್ಲಿ ಲೀಟರಿಗೆ 21.79 ಮತ್ತು 21.5 ಕಿ.ಮೀ. ಇಷ್ಟನ್ನೇ ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಆ ಪಿಎಸ್ ಲೆಕ್ಕ ಎಂಜಿನ್ 5,500ರಿಂದ 6,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸಲ, ಸುತ್ತುವಾಗಿನದು. ಮನೆಮಂದಿಯನ್ನು ಕೂರಿಸಿಕೊಂಡು ಅಲ್ಲಿಯವರೆಗೆ ಯಾರೂ ಎಂಜಿನ್ ಕಿರುಚಿಸುವುದಿಲ್ಲ. ಘಾಟಿಯಲ್ಲಿ ಕಾರು ಓಡುವುದು 2,000–3,000ದ ನಡುವೆ. ಅಲ್ಲಿ ಎಷ್ಟು ಟಾರ್ಕ್, ಅಂದರೆ ತಿರುಗಿಸುವ ಬಲ, ಇದೆ ಎನ್ನುವುದೇ ಪ್ರಶ್ನೆ. 1.2 ಎಂಜಿನ್ನಿನ ಗರಿಷ್ಠ ಟಾರ್ಕ್ 113 ಎನ್‌ಎಂ (ನ್ಯೂಟನ್ ಮೀಟರ್), ಅದೂ 4,400 ಆರ್‌ಪಿಎಂನಲ್ಲಿ. ಟರ್ಬೊದ್ದು 147.6 ಎನ್‌ಎಂ, 2,000ಕ್ಕೇ ಸಿಕ್ಕಿಬಿಡುತ್ತದೆ.

ಈಗ ರಸ್ತೆಗೆ ಬನ್ನಿ. ಕಾರಿನ ತೂಕ ಸುಮಾರು ಒಂದು ಟನ್, ಐದು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿ, ಅಕ್ಕಿ, ಬ್ಯಾಗು. ಒಟ್ಟು 1,400 ಕೆಜಿ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ 7 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 17 ಪಿಎಸ್ ಬೇಕು. ತಿರುವಿನ ಒಳಮಗ್ಗುಲಲ್ಲಿ ಏರು ನೂರಕ್ಕೆ 12 ಆಗಿಬಿಟ್ಟರೆ 27 ಪಿಎಸ್ ಬೇಕು.

ಎಂಜಿನ್ ಎಷ್ಟು ಕೊಡುತ್ತದೆ? ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದರೆ ಆ ಕ್ಷಣದ ಪಿಎಸ್ ಸಿಗುತ್ತದೆ. ಮೂರನೇ ಗೇರಿನಲ್ಲಿ 40ರ ವೇಗಕ್ಕೆ ಎಂಜಿನ್ ಹತ್ತಿರಹತ್ತಿರ 2,000 ಸುತ್ತುತ್ತಿರುತ್ತದೆ. 1.2 ಎಂಜಿನ್ ಅಲ್ಲಿ 100 ಎನ್‌ಎಂ ಕೊಟ್ಟಿತು ಎಂದು ಹಿಡಿದರೂ 28 ಪಿಎಸ್. ಗೇರ್‌ಬಾಕ್ಸಿನಲ್ಲಿ ಹತ್ತರಲ್ಲೊಂದು ಪಾಲು ಹೋಗುತ್ತದೆ, ಎಸಿ ಮೂರು ಪಿಎಸ್ ತಿನ್ನುತ್ತದೆ. ಚಕ್ರಕ್ಕೆ ಉಳಿಯುವುದು 22. ಶೇ. 7ರ ಏರಿಗೆ ಸಾಕು, ಲಾರಿ ಹಿಂದೆ ಹಾಕಲು ಸಾಲದು. ಶೇ. 12ರ ತಿರುವಿನಲ್ಲಿ ಕಾರು ನಡುಗಲು ಶುರು. ಅದೇ ಜಾಗದಲ್ಲಿ ಟರ್ಬೊ 42 ಪಿಎಸ್ ಹುಟ್ಟಿಸುತ್ತದೆ, ಚಕ್ರಕ್ಕೆ 35 ತಲುಪುತ್ತದೆ. ಗೇರ್ ಇಳಿಸದೆಯೇ ಹತ್ತುತ್ತದೆ.

ಹಾಗಾದರೆ 1.2 ಘಾಟಿ ಹತ್ತುವುದೇ ಇಲ್ಲವೇ? ಖಂಡಿತ ಹತ್ತುತ್ತದೆ. ಎರಡನೇ ಗೇರಿಗೆ ಇಳಿಸಿ. ಎಂಜಿನ್ 3,000 ದಾಟುತ್ತದೆ, ಸುಮಾರು 45 ಪಿಎಸ್ ಬರುತ್ತದೆ. ಸದ್ದು ಜಾಸ್ತಿ, ಅಷ್ಟೇ. "ನಮ್ಮ ಕಾರು ಏರಿನಲ್ಲಿ ಎಳೆಯುವುದಿಲ್ಲ" ಎನ್ನುವವರಲ್ಲಿ ಬಹಳ ಜನ ಪೆಟ್ರೋಲ್ ಉಳಿಸಬೇಕೆಂದು ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತುಳಿಯುತ್ತಿರುತ್ತಾರೆ. ಅದರಿಂದ ಪೆಟ್ರೋಲೂ ಉಳಿಯುವುದಿಲ್ಲ, ಎಂಜಿನ್ ಒಳಗೆ ಟಕಟಕ ಬಡಿದು ನಾಕ್ ಹೊಡೆಯುತ್ತದೆ.

ಇನ್ನೊಂದು ವಿಷಯವನ್ನು ಶೋರೂಮಿನಲ್ಲಿ ಹೇಳುವುದಿಲ್ಲ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಶೇ. 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರು, ಸಕಲೇಶಪುರ ಎರಡೂ 900 ಮೀಟರಿನ ಆಸುಪಾಸು. ಮಂಗಳೂರಿನಲ್ಲಿ 90 ಪಿಎಸ್ ಇರುವ ಎಂಜಿನ್ ಇಲ್ಲಿ 82 ಇದ್ದಂತೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟ ಬಹುತೇಕ ಕಾಣುವುದಿಲ್ಲ.

ಖರ್ಚಿನ ಮಾತು. ನಿಜವಾದ ರಸ್ತೆಯಲ್ಲಿ 1.2ಕ್ಕೆ 16, ಟರ್ಬೊಗೆ 14 ಸಿಕ್ಕಿತು ಎನ್ನಿ. 9,000 ಕಿ.ಮೀ.ಗೆ ಟರ್ಬೊ 80 ಲೀಟರ್ ಹೆಚ್ಚು ಕುಡಿಯುತ್ತದೆ, ವರ್ಷಕ್ಕೆ ಸುಮಾರು ₹8,300. ಟರ್ಬೊ ಎಂಜಿನ್ 998 ಸಿಸಿ. ಹಾಗಾಗಿ ಥರ್ಡ್ ಪಾರ್ಟಿ ವಿಮೆ 1,000 ಸಿಸಿ ಒಳಗಿನ ದರಕ್ಕೆ ಬರುತ್ತದೆ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ ಹೊಸ ಕಾರಿಗೆ ಮೂರು ವರ್ಷಕ್ಕೆ ₹6,521. 1.2ಕ್ಕೆ ₹10,640. ಆದರೆ ಎಕ್ಸ್‌ಶೋರೂಮ್ ಬೆಲೆ 10 ಲಕ್ಷ ದಾಟದಂತೆ ನೋಡಿಕೊಳ್ಳಿ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಅಲ್ಲಿ ಶೇ. 14ರಿಂದ 17ಕ್ಕೆ ಹಾರುತ್ತದೆ. 9.9 ಲಕ್ಷದ ಕಾರಿಗೂ 10.1 ಲಕ್ಷದ ಕಾರಿಗೂ ತೆರಿಗೆಯಲ್ಲೇ ₹33,000 ವ್ಯತ್ಯಾಸ, ಅದರ ಮೇಲೆ ಸೆಸ್ ಬೇರೆ. ವೇರಿಯಂಟ್ ಒಂದು ಮೆಟ್ಟಿಲು ಇಳಿಸಿದರೆ ಆ ಹಣ ಉಳಿಯುತ್ತದೆ.

ಟರ್ಬೊ ತೆಗೆದುಕೊಂಡರೆ ಎರಡು ಎಚ್ಚರಿಕೆ. 1,700 ಆರ್‌ಪಿಎಂ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ. ಹಾಗಾಗಿ ತಿರುವಿಗೆ ಬರುವ ಮೊದಲೇ ಗೇರ್ ಇಳಿಸಿ, ತಿರುವಿನ ಮಧ್ಯದಲ್ಲಿ ಅಲ್ಲ. ಎಂಜಿನ್ ಆಯಿಲ್ ವಿಷಯದಲ್ಲಿ ಕೈಪಿಡಿಯಲ್ಲಿರುವ ಗ್ರೇಡನ್ನೇ ಹಾಕಿಸಿ, ದಿನ ಮುಂದೂಡಬೇಡಿ. ಟರ್ಬೊದ ಬೇರಿಂಗಿಗೆ ಅದೇ ಆಯಿಲ್ ಜೀವಾಳ. ಘಾಟಿ ಹತ್ತಿ ಚಹಾಕ್ಕೆಂದು ನಿಲ್ಲಿಸಿದಾಗ ತಕ್ಷಣ ಕೀ ತಿರುಗಿಸದೆ ಅರ್ಧ ನಿಮಿಷದಿಂದ ಒಂದು ನಿಮಿಷ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಂತೆ, ಬಿಡಿ.

ಪ್ರಶ್ನೆ: ಕಂಪನಿ ಹೇಳುವುದು 20. ನನ್ನ ಕಾರು ಕೊಡುವುದು 9.5. ಮಾರತ್ತಹಳ್ಳಿ ಕಡೆಗೆ ದಿನಕ್ಕೆ 12 ಕಿ.ಮೀ. ಹೋಗಿ 12 ಕಿ.ಮೀ. ಬರುತ್ತೇನೆ. ಒಂದೊಂದು ಸಲಕ್ಕೆ ಒಂದು ಗಂಟೆ ಮೇಲೆ ಬೇಕು. ಕಾರಿನಲ್ಲಿ ದೋಷವಿದೆಯೇ? ಮುಂದಿನ ಕಾರಿಗೆ ಹೈಬ್ರಿಡ್ ನೋಡಲೇ?
— ಓದುಗರು, ಬೆಂಗಳೂರು

ಉತ್ತರ: ದೋಷ ಕಾರಿನದಲ್ಲ. ಕಂಪನಿ ಹೇಳುವ ಅಂಕಿ ರಸ್ತೆಯ ಮೇಲೆ ಅಳೆದದ್ದಲ್ಲ. ಕಾರನ್ನು ಪ್ರಯೋಗಾಲಯದ ರೋಲರ್ ಮೇಲೆ ನಿಲ್ಲಿಸಿ, ಎಸಿ ಆಫ್ ಮಾಡಿ, ಸುಮಾರು 20 ನಿಮಿಷ ನಿಗದಿತ ಕ್ರಮದಲ್ಲಿ ಓಡಿಸುತ್ತಾರೆ. ನಗರದ ಭಾಗದಲ್ಲಿ ವೇಗ 50 ಮೀರುವುದಿಲ್ಲ, ಹೆದ್ದಾರಿ ಭಾಗದಲ್ಲಿ 90 ಮೀರುವುದಿಲ್ಲ. ಎರಡು ಕಾರುಗಳನ್ನು ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ, ನಿಮ್ಮ ಜೇಬಿನ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಒಂದು ಪಯಣವನ್ನೇ ಬಿಡಿಸಿ ನೋಡೋಣ. ಎಸಿ ಹಾಕಿ ನಿಂತ ಕಾರು ಗಂಟೆಗೆ ಸುಮಾರು ಒಂದು ಲೀಟರ್ ಸುಡುತ್ತದೆ. 70 ನಿಮಿಷದಲ್ಲಿ 25 ನಿಮಿಷ ಸಿಗ್ನಲ್ಲಿನಲ್ಲೂ ಜಾಮಿನಲ್ಲೂ ನಿಂತಿದ್ದರೆ 0.4 ಲೀಟರ್ ಅಲ್ಲೇ ಹೋಯಿತು. ಉಳಿದ ಹೊತ್ತು ಓಡುವಾಗ 14ರ ಲೆಕ್ಕದಲ್ಲಿ 12 ಕಿ.ಮೀ.ಗೆ 0.86 ಲೀಟರ್. ಒಟ್ಟು 1.26. ಭಾಗಿಸಿದರೆ 9.5. ನಿಮ್ಮ ಕಾರು ಲೆಕ್ಕಕ್ಕೆ ಸರಿಯಾಗಿಯೇ ಓಡುತ್ತಿದೆ.

ಇಂಥ ಓಡಾಟಕ್ಕೆ ಎಂಜಿನ್ ಪವರ್ ಲೆಕ್ಕಕ್ಕೇ ಬರುವುದಿಲ್ಲ. 80 ಪಿಎಸ್ ಇರಲಿ 160 ಇರಲಿ, ಮುಂದಿನ ಬಸ್ಸಿನ ಹಿಂದೆಯೇ ಹೋಗಬೇಕು. ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಚಕ್ರ ತಿರುಗಿಸುವ ಕಾರು) ನಿಜಕ್ಕೂ ಉಳಿಸುವುದು ಇಲ್ಲಿಯೇ. ನಿಂತಾಗ ಎಂಜಿನ್ ಆಫ್ ಆಗುತ್ತದೆ, ಎಸಿ ಬ್ಯಾಟರಿಯಿಂದ ನಡೆಯುತ್ತದೆ, ಬ್ರೇಕ್ ಹಿಡಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಹೈಬ್ರಿಡ್‌ಗಳ ಘೋಷಿತ ಮೈಲೇಜ್ 27.97. ಎಂಜಿನ್, ಮೋಟಾರ್ ಸೇರಿ 116 ಪಿಎಸ್. ಆದರೆ ದಿನಕ್ಕೆ 24 ಕಿ.ಮೀ. ಎಂದರೆ ವರ್ಷಕ್ಕೆ 7,000 ಚಿಲ್ಲರೆ ಕಿ.ಮೀ. ಮೈಲೇಜ್ 9.5ರಿಂದ 20ಕ್ಕೆ ಏರಿದರೂ ಉಳಿಯುವುದು ಸುಮಾರು 390 ಲೀಟರ್, ಅಂದರೆ ವರ್ಷಕ್ಕೆ ₹40,000. ಹೈಬ್ರಿಡ್‌ಗೆ ಹೆಚ್ಚು ಕೊಡಬೇಕಾದ ಮೊತ್ತವನ್ನು ಇದರಿಂದ ಭಾಗಿಸಿ. ಐದು ವರ್ಷದೊಳಗೆ ಬಂದರೆ ತೆಗೆದುಕೊಳ್ಳಿ.

ಅಂದಹಾಗೆ, 9.5 ಎನ್ನುವುದನ್ನು ಡ್ಯಾಶ್‌ಬೋರ್ಡಿನ ಪರದೆ ನೋಡಿ ಹೇಳಿದಿರೋ, ಅಳೆದು ಹೇಳಿದಿರೋ? ಪರದೆ ಸಾಮಾನ್ಯವಾಗಿ ಒಂದೆರಡು ಕಿ.ಮೀ. ಹೆಚ್ಚೇ ತೋರಿಸುತ್ತದೆ. ಬಂಕಿನಲ್ಲಿ ನಾಝಲ್ ಮೊದಲ ಸಲ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, 300 ಕಿ.ಮೀ. ಆದರೂ ಓಡಿಸಿ. ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿ.ಮೀ.ಯನ್ನು ತುಂಬಿದ ಲೀಟರಿನಿಂದ ಭಾಗಿಸಿ. ಹುಡುಗ "ರೌಂಡ್ ಮಾಡ್ತೀನಿ ಸಾರ್" ಅಂದರೆ ಬೇಡ ಅನ್ನಿ, ಲೆಕ್ಕ ಕೆಡುತ್ತದೆ. ಮೂರು ಸಲದ ಸರಾಸರಿ ನಂಬಬಹುದು.

ಪ್ರಶ್ನೆ: ಮನೆಯಲ್ಲಿ ಎರಡು ಗಾಡಿ. ಹಳೆಯ ಎಸ್‌ಯುವಿ ಲೀಟರಿಗೆ 10 ಕೊಡುತ್ತದೆ, ಸಣ್ಣ ಕಾರು 18. ಎರಡೂ ವರ್ಷಕ್ಕೆ 10,000 ಕಿ.ಮೀ. ಓಡುತ್ತವೆ, ಎರಡೂ ಪೆಟ್ರೋಲ್. ಸಣ್ಣದನ್ನು ಕೊಟ್ಟು 24 ಕೊಡುವ ಕಾರು ತರಲೋ, ದೊಡ್ಡದನ್ನು ಕೊಟ್ಟು 13 ಕೊಡುವ ಕಾರು ತರಲೋ?
— ಓದುಗರು, ದಾವಣಗೆರೆ

ಉತ್ತರ: ದೊಡ್ಡದನ್ನು ಕೊಡಿ. 18ರಿಂದ 24 ಎಂದರೆ ಆರು ಕಿ.ಮೀ. ಲಾಭ, 10ರಿಂದ 13 ಎಂದರೆ ಬರೀ ಮೂರು ಎಂದು ತೋರುತ್ತದೆ. ಲೀಟರಿನಲ್ಲಿ ಲೆಕ್ಕ ಹಾಕಿ. ಸಣ್ಣ ಕಾರು 556 ಲೀಟರಿನಿಂದ 417ಕ್ಕೆ ಇಳಿಯುತ್ತದೆ, ಉಳಿತಾಯ 139. ದೊಡ್ಡದು 1,000ದಿಂದ 769ಕ್ಕೆ ಇಳಿಯುತ್ತದೆ, ಉಳಿತಾಯ 231. ರೂಪಾಯಿಯಲ್ಲಿ ₹14,300 ಎಲ್ಲಿ, ₹23,800 ಎಲ್ಲಿ! ಮೈಲೇಜ್ ಕಡಿಮೆ ಇರುವ ಕಡೆ ಒಂದೊಂದು ಕಿ.ಮೀ.ಗೂ ಬೆಲೆ ಜಾಸ್ತಿ. 20 ಕೊಡುವ ಕಾರೋ 22 ಕೊಡುವ ಕಾರೋ ಎಂದು ತಲೆ ಕೆಡಿಸಿಕೊಳ್ಳುವವರೂ ಇದನ್ನು ಗಮನಿಸಿ. 10,000 ಕಿ.ಮೀ.ಗೆ ಅವೆರಡರ ವ್ಯತ್ಯಾಸ 45 ಲೀಟರ್, ತಿಂಗಳಿಗೆ ₹400ಕ್ಕಿಂತ ಕಡಿಮೆ. ಅಷ್ಟಕ್ಕಾಗಿ ನಿಮಗೆ ಹಿಡಿಸಿದ ಎಂಜಿನ್ ಬಿಡಬೇಕಾಗಿಲ್ಲ.

ಪ್ರಶ್ನೆ: ವ್ಯಾಪಾರಕ್ಕಾಗಿ ತಿಂಗಳಿಗೆ 1,500 ಕಿ.ಮೀ. ಹೆದ್ದಾರಿಯಲ್ಲೇ ಓಡುತ್ತೇನೆ. ಕ್ರೆಟಾ ಪೆಟ್ರೋಲ್, ಡೀಸೆಲ್ ಎರಡರಲ್ಲೂ ಪವರ್ ಹೆಚ್ಚುಕಡಿಮೆ ಒಂದೇ ಇದೆ. ಡೀಸೆಲಿಗೆ ಅಷ್ಟು ಹೆಚ್ಚು ಕೊಡಬೇಕೇ?
— ಓದುಗರು, ಹುಬ್ಬಳ್ಳಿ

ಉತ್ತರ: ಪವರ್ ಒಂದೇ ಇದ್ದರೂ ಎಳೆತ ಒಂದೇ ಅಲ್ಲ. 1.5 ಪೆಟ್ರೋಲಿನದು 115 ಪಿಎಸ್, 144 ಎನ್‌ಎಂ ಟಾರ್ಕ್ 4,500 ಆರ್‌ಪಿಎಂನಲ್ಲಿ. ಡೀಸೆಲಿನದು 116 ಪಿಎಸ್, 250 ಎನ್‌ಎಂ ಟಾರ್ಕ್ 1,500ರಿಂದಲೇ. ಐದನೇ ಗೇರಿನಲ್ಲಿ 80ರಲ್ಲಿ ಹೋಗುತ್ತಾ ಲಾರಿ ದಾಟಬೇಕಾದರೆ ಪೆಟ್ರೋಲಿನಲ್ಲಿ ಎರಡು ಗೇರ್ ಇಳಿಸಬೇಕು, ಡೀಸೆಲಿನಲ್ಲಿ ಕಾಲು ಒತ್ತಿದರೆ ಸಾಕು.

ದುಡ್ಡಿನ ಲೆಕ್ಕ: ವರ್ಷಕ್ಕೆ 18,000 ಕಿ.ಮೀ. ಪೆಟ್ರೋಲ್ 14 ಕೊಟ್ಟರೆ ಖರ್ಚು ₹1,32,400. ಡೀಸೆಲ್ 18 ಕೊಟ್ಟರೆ ₹91,000. ಉಳಿತಾಯ ₹41,400. ಆನ್‌ರೋಡ್ ಬೆಲೆಯಲ್ಲಿ ವ್ಯತ್ಯಾಸ ₹1.6 ಲಕ್ಷ ಇದ್ದರೆ ನಾಲ್ಕು ವರ್ಷದೊಳಗೆ ಬಂತು. ನಿಮಗೆ ಡೀಸೆಲ್ ಸರಿ. ಅದೇ ವರ್ಷಕ್ಕೆ 10,000 ಓಡಿಸುವವರಿಗೆ ಏಳು ವರ್ಷ ಬೇಕು, ಅವರು ಪೆಟ್ರೋಲೇ ನೋಡಲಿ.

ಊರೊಳಗೇ ನಾಲ್ಕೈದು ಕಿ.ಮೀ. ಓಡಿಸುವವರಿಗೆ ಡೀಸೆಲ್ ಬೇಡ ಎನ್ನಲು ಇನ್ನೂ ಒಂದು ಕಾರಣವಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಕಾಯಬೇಕು. ಅದಕ್ಕೆ 60ರ ಮೇಲಿನ ವೇಗದಲ್ಲಿ, ಎಂಜಿನ್ 2,000 ಸುತ್ತುವಂತೆ, ಎಡೆಬಿಡದೆ 15–20 ನಿಮಿಷ ಓಡಬೇಕು. ಮಾರ್ಕೆಟಿಗೆ ಹೋಗಿಬರುವ ಕಾರು ಅಷ್ಟು ಕಾಯುವುದೇ ಇಲ್ಲ. ಮಸಿ ಕಟ್ಟಿ ದೀಪ ಹತ್ತುತ್ತದೆ. ದೀಪ ಹತ್ತಿದ ದಿನವೇ ಬೈಪಾಸಿಗೆ ಹೋಗಿ ಒಂದು ಸುತ್ತು ಓಡಿಸಿದರೆ ಸರಿಹೋಗುತ್ತದೆ. ಅಲಕ್ಷ್ಯ ಮಾಡಿದರೆ ಎಂಜಿನ್ ಪವರ್ ತಾನೇ ಇಳಿದುಬಿಡುತ್ತದೆ. ಆಮೇಲೆ ಸರ್ವೀಸ್ ಸ್ಟೇಷನ್ ಬಿಟ್ಟು ಬೇರೆ ದಾರಿಯಿಲ್ಲ.

ಪ್ರಶ್ನೆ: 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನಲ್ಲಿ ಪವರ್ 90ರಿಂದ 82ಕ್ಕೆ ಇಳಿದಿದೆ. ಹಳೆಯದನ್ನೇ ಸೆಕೆಂಡ್ ಹ್ಯಾಂಡ್ ಹುಡುಕಲೇ?
— ಓದುಗರು, ಶಿವಮೊಗ್ಗ

ಉತ್ತರ: ಪವರ್ ಇಳಿದದ್ದು ನಿಜ, ಟಾರ್ಕ್ ಇಳಿದದ್ದು 113ರಿಂದ 112ಕ್ಕೆ ಮಾತ್ರ. ಮ್ಯಾನ್ಯುಯಲ್‌ನಲ್ಲಿ ಘೋಷಿತ ಮೈಲೇಜ್ 22.38ರಿಂದ 24.8ಕ್ಕೆ ಏರಿದೆ. ಊರಿನಲ್ಲಿ, 80ರೊಳಗಿನ ಹೆದ್ದಾರಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ನೂರರ ವೇಗದಲ್ಲಿ ಭಾರ ಹೊತ್ತು ಹಿಂದಿಕ್ಕುವಾಗ ಗೊತ್ತಾಗುತ್ತದೆ. ನಾಲ್ಕು ಸಿಲಿಂಡರ್ ಹೋಗಿ ಮೂರು ಬಂದಿರುವುದರಿಂದ ಐಡಲ್‌ನಲ್ಲಿ ಸ್ಟಿಯರಿಂಗಿಗೆ ಸ್ವಲ್ಪ ನಡುಕ ಬರುತ್ತದೆ. ಅದನ್ನು ನೀವು ಸಹಿಸಬಲ್ಲಿರೋ ಇಲ್ಲವೋ ಕೂತು ನೋಡಿ ತೀರ್ಮಾನಿಸಿ.

ಪ್ರಶ್ನೆ: ಎರ್ಟಿಗಾ ಸಿಎನ್‌ಜಿ ತೆಗೆದುಕೊಂಡರೆ ಏಳು ಜನ ಕೂತು ದೇವರಾಯನದುರ್ಗ ಹತ್ತಬಹುದೇ?
— ಓದುಗರು, ತುಮಕೂರು

ಉತ್ತರ: ಹತ್ತಬಹುದು, ಆದರೆ ಪೆಟ್ರೋಲಿಗೆ ಬದಲಿಸಿಕೊಂಡು ಹತ್ತಿ. ಪೆಟ್ರೋಲ್ ಎರ್ಟಿಗಾ 103 ಪಿಎಸ್, 137 ಎನ್‌ಎಂ. ಗ್ಯಾಸಿನಲ್ಲಿ 88 ಪಿಎಸ್, 121.5 ಎನ್‌ಎಂ. ಅನಿಲವು ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿಯ ಜಾಗವನ್ನು ಆಕ್ರಮಿಸುವುದರಿಂದ ಈ ಇಳಿಕೆ. ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿ ಬೆಟ್ಟದ ಬುಡದಲ್ಲೇ ಬದಲಿಸಿಕೊಳ್ಳಿ. ಹಿಂದಿನ ಡಿಕ್ಕಿಯನ್ನು ಗ್ಯಾಸ್ ಟ್ಯಾಂಕ್ ನುಂಗುತ್ತದೆ, ಏಳು ಜನರ ಬ್ಯಾಗಿಗೆ ಜಾಗವಿರುವುದಿಲ್ಲ. ಟ್ಯಾಂಕಿನ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಕಡ್ಡಾಯ.

ಪ್ರಶ್ನೆ: ಎಎಂಟಿ ಗೇರಿನ ಕಾರು ಆಗುಂಬೆ ಘಾಟಿಗೆ ಆಗುವುದಿಲ್ಲವಂತೆ, ನಿಜವೇ? ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಯೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ತುಳಿಯುವುದನ್ನೂ ಗೇರ್ ಬದಲಿಸುವುದನ್ನೂ ಯಂತ್ರ ಮಾಡುತ್ತದೆ. ಮೈಲೇಜಿಗೆ ಒಳ್ಳೆಯದು. ಡಿ ಮೋಡಿನಲ್ಲಿಟ್ಟರೆ ಅದು ಪೆಟ್ರೋಲ್ ಉಳಿಸಲು ಬೇಗ ಮೇಲಿನ ಗೇರಿಗೆ ಹೋಗುತ್ತದೆ, ಹೇರ್‌ಪಿನ್ ತಿರುವಿಗೆ ಬಂದಾಗ ಎಳೆತ ಸಾಲದೆ ಗೇರ್ ಇಳಿಸಲು ಒಂದು ಕ್ಷಣ ತಡವರಿಸುತ್ತದೆ. ಆ ಕ್ಷಣವೇ ಭಯ ಹುಟ್ಟಿಸುವುದು. ಆಗುಂಬೆಯ 14 ತಿರುವುಗಳಿಗೂ ಮ್ಯಾನ್ಯುಯಲ್ ಮೋಡಿಗೆ ಹಾಕಿ, ತಿರುವಿಗೆ ಮೊದಲೇ ಎರಡಕ್ಕೆ, ಬೇಕಾದರೆ ಒಂದಕ್ಕೆ ಇಳಿಸಿ. ಎದುರಿನಿಂದ ಬಸ್ಸು ಬಂದು ಏರಿನಲ್ಲೇ ನಿಲ್ಲಬೇಕಾದರೆ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಬೇಡಿ. ಅದು ಹಾಫ್ ಕ್ಲಚ್ಚಿಗೆ ಸಮ, ಐದು ನಿಮಿಷದಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಬ್ರೇಕ್ ಹಿಡಿಯಿರಿ, ಹ್ಯಾಂಡ್‌ಬ್ರೇಕ್ ಎಳೆಯಿರಿ.

ನ್ಯೂಟ್ರಲ್ ಬೇಡವೇ ಬೇಡ, ಪೆಟ್ರೋಲೂ ಉಳಿಯುವುದಿಲ್ಲ. ಇಂದಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದ ಕ್ಷಣ ಎಂಜಿನ್ ಐಡಲ್ ಆಗಿ ಉರಿಯಲು ಮತ್ತೆ ಪೆಟ್ರೋಲ್ ಬೇಕು. ಜೊತೆಗೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಕೆಳಗೆ ಮುಟ್ಟುವಷ್ಟರಲ್ಲಿ ಪ್ಯಾಡ್ ಕಾಯ್ದು ಬ್ರೇಕ್ ಹಿಡಿಯದಂತಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ.

ಪ್ರಶ್ನೆ: ಟೆಸ್ಟ್ ಡ್ರೈವ್‌ನಲ್ಲಿ ಎಳೆತ ಪರೀಕ್ಷಿಸುವುದು ಹೇಗೆ? ಶೋರೂಮಿನವರು ರಿಂಗ್ ರೋಡಿನಲ್ಲಿ ಎರಡು ಕಿ.ಮೀ. ಓಡಿಸಿ ವಾಪಸ್ ಕರೆತರುತ್ತಾರೆ.
— ಓದುಗರು, ಮೈಸೂರು

ಉತ್ತರ: ಒಪ್ಪಬೇಡಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ, ಅಲ್ಲಿಗೇ ಹೋಗೋಣ ಎಂದು ಮೊದಲೇ ಫೋನಿನಲ್ಲಿ ಹೇಳಿ. ಮನೆಯವರಲ್ಲಿ ನಾಲ್ವರನ್ನಾದರೂ ಕೂರಿಸಿಕೊಳ್ಳಿ, ಎಸಿ ಹಾಕಿ. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಎಂಜಿನ್ ಎಷ್ಟು ಒದ್ದಾಡುತ್ತದೆ, ಕಾರು ಎಷ್ಟು ಹಿಂದೆ ಜಾರುತ್ತದೆ ನೋಡಿ. ಮೂರನೇ ಗೇರಿನಲ್ಲಿ 30ರ ವೇಗದಿಂದ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ನಡುಗದೆ ವೇಗ ಹಿಡಿದರೆ ಕೆಳಗಿನ ಟಾರ್ಕ್ ಚೆನ್ನಾಗಿದೆ ಎಂದರ್ಥ. ಕೆಳಗೆ ಬಂದ ಮೇಲೆ ನಾಲ್ಕನೇ ಗೇರಿನಲ್ಲಿ 50ರಿಂದ 80ಕ್ಕೆ ಎಷ್ಟು ಸೆಕೆಂಡ್ ಬೇಕೆಂದು ಪಕ್ಕದವರು ಫೋನಿನಲ್ಲಿ ಅಳೆಯಲಿ. ನೋಡುತ್ತಿರುವ ಎರಡೂ ಕಾರುಗಳಿಗೆ ಅದೇ ರಸ್ತೆ, ಅಷ್ಟೇ ಜನ, ಸಾಧ್ಯವಾದರೆ ಅದೇ ದಿನ. ಹೊರಡುವ ಮೊದಲು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿ ನೋಡಿ ಟೈರಿನ ಗಾಳಿ ಸರಿಯಾಗಿದೆಯೇ ಎಂದು ಕೇಳಿ. ಗಾಳಿ ಕಡಿಮೆಯಾದ ಟೈರು ಒಳ್ಳೆಯ ಎಂಜಿನ್ನನ್ನೂ ಮಂದ ಮಾಡಿ ತೋರಿಸುತ್ತದೆ.